ಫೈಲ್ ಮೇಲಿರುವ ತಾರೀಖು ನಂಬಬಹುದೇ? ಫಾರ್ವರ್ಡ್ ಮಾಡುವ ಮುನ್ನ ತಿಳಿಯಿರಿ

“ಫೈಲ್ ಹೆಸರಲ್ಲೇ ತಾರೀಖು ಇದೆ ನೋಡಿ, ಇದು ಈಗಿನದೇ ಫೋಟೋ” ಎಂಬ ವಾದವನ್ನು ವಾಟ್ಸಾಪ್ ಗುಂಪುಗಳಲ್ಲಿ ನೀವೂ ಓದಿರಬಹುದು. ಪ್ರವಾಹ, ಅಪಘಾತ, ಗಲಭೆಯ ಹಳೆಯ ಚಿತ್ರಗಳನ್ನು ಹೊಸದೆಂದು ನಂಬಿಸಲು ಇಷ್ಟು ಸಾಕಾಗುತ್ತದೆ. ಆದರೆ ಆ ತಾರೀಖು ಬರುವುದು ಎಲ್ಲಿಂದ?

ಮೆಟಾಡೇಟಾ ಎಂದರೇನು?

ಫೈಲ್‌ನಲ್ಲಿರುವ ಚಿತ್ರ ಅಥವಾ ಬರಹ ಒಂದು. ಅದರ ಬಗೆಗಿನ ವಿವರ ಇನ್ನೊಂದು. ಯಾವಾಗ ಬದಲಾಯಿತು, ಯಾರದು, ಯಾರು ತೆರೆಯಬಹುದು ಎಂಬ ಈ ವಿವರಗಳೇ ಮೆಟಾಡೇಟಾ. ಮೊದಲನೆಯದು ಪತ್ರವಾದರೆ, ಎರಡನೆಯದು ಲಕೋಟೆಯ ಮೇಲಿನ ಅಂಚೆ ಮುದ್ರೆ. ಅದೇ ಪತ್ರವನ್ನು ಹೊಸ ಲಕೋಟೆಯಲ್ಲಿ ಕಳಿಸಿದರೆ ಮುದ್ರೆಯೂ ಹೊಸದಾಗುತ್ತದೆ.

ವಾಟ್ಸಾಪ್‌ನಲ್ಲಿ ಏನಾಗುತ್ತದೆ?

ಫೋಟೋ ತೆಗೆದ ಸಮಯವನ್ನು, ಲೊಕೇಶನ್ ಆನ್ ಇದ್ದರೆ ಜಾಗವನ್ನೂ, ಕ್ಯಾಮೆರಾ ಫೈಲ್‌ನೊಳಗೆ ಬರೆದಿಡುತ್ತದೆ. ಇದಕ್ಕೆ ಎಕ್ಸಿಫ್ ಎಂದು ಹೆಸರು. ಫೋಟೋ ಆಗಿ ಕಳಿಸಿದಾಗ ವಾಟ್ಸಾಪ್ ಚಿತ್ರವನ್ನು ಕುಗ್ಗಿಸಿ, ಸಾಮಾನ್ಯವಾಗಿ ಈ ಮಾಹಿತಿಯನ್ನು ಅಳಿಸಿಬಿಡುತ್ತದೆ. ಆಂಡ್ರಾಯ್ಡ್ ಫೋನ್‌ನಲ್ಲಿ ‘ಐಎಂಜಿ-20240315-ಡಬ್ಲ್ಯೂಎ0003’ ಎಂಬಂಥ ಹೆಸರು ಕಂಡರೆ, ಅದು ಆ ಚಿತ್ರ ನಿಮ್ಮ ಫೋನಿಗೆ ಬಂದ ದಿನ, ತೆಗೆದ ದಿನವಲ್ಲ.

ಗಿಟ್ ಕೂಡ ಉಳಿಸುವುದಿಲ್ಲ!

ಸಾಫ್ಟ್‌ವೇರ್ ಬರೆಯುವವರು ಪ್ರತಿ ಬದಲಾವಣೆಯ ದಾಖಲೆ ಇಡಲು ಬಳಸುವುದು ಗಿಟ್. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಇದನ್ನು ರೂಪಿಸಿದರು. ಇಷ್ಟು ಕಟ್ಟುನಿಟ್ಟಿನ ವ್ಯವಸ್ಥೆಯೂ ಫೈಲ್‌ನ ಹಳೆಯ ತಾರೀಖನ್ನು ಉಳಿಸುವುದಿಲ್ಲ. ಇಳಿಸಿಕೊಂಡ ಫೈಲ್‌ಗೆ ಆ ಕ್ಷಣದ ಸಮಯವೇ ಬೀಳುತ್ತದೆ. ಇದು ಬೇಕೆಂದೇ ಮಾಡಿದ್ದು. ಯಾವ ಫೈಲ್ ಬದಲಾಗಿದೆ ಎಂದು ‘ಮೇಕ್’ನಂಥ ಸಾಧನಗಳು ಸಮಯ ನೋಡಿಯೇ ತಿಳಿಯುತ್ತವೆ. ಹಳೆಯ ಸಮಯ ಮರಳಿದರೆ ಅವು ಮೋಸಹೋಗುತ್ತವೆ.

ಅನುಮತಿಗಳ ಪೈಕಿಯೂ ಗಿಟ್ ನೆನಪಿಡುವುದು ಒಂದನ್ನೇ: ಈ ಫೈಲನ್ನು ಪ್ರೋಗ್ರಾಂ ಆಗಿ ನಡೆಸಬಹುದೇ, ಇಲ್ಲವೇ. ಹಾಗಾಗಿ ಒಬ್ಬರೇ ಓದಬೇಕಿದ್ದ ಪಾಸ್‌ವರ್ಡ್ ಫೈಲ್, ಗಿಟ್‌ನಿಂದ ಮರಳಿದಾಗ ಆ ಕಂಪ್ಯೂಟರ್ ಬಳಸುವ ಬೇರೆಯವರಿಗೂ ತೆರೆದುಕೊಳ್ಳಬಹುದು. ಅದಕ್ಕೆಂದೇ ಸರ್ವರ್ ನೋಡಿಕೊಳ್ಳುವವರು ಅನುಮತಿಗಳನ್ನು ಬೇರೆಯಾಗಿ ಬರೆದಿಡುವ ‘ಎಟ್ಸಿಕೀಪರ್’ನಂಥ ಸಾಧನ ಬಳಸುತ್ತಾರೆ. ಗಿಟ್ ದಾಖಲೆಯಲ್ಲಿ ಕಾಣುವ ತಾರೀಖೂ ಬರೆದವರ ಕಂಪ್ಯೂಟರ್ ಗಡಿಯಾರದ್ದು, ಅದನ್ನು ಬದಲಿಸಬಹುದು.

ನೀವೇನು ಮಾಡಬೇಕು?

• ತಾರೀಖು ನೋಡಿ ಫೋಟೋ ಹೊಸದೆಂದು ತೀರ್ಮಾನಿಸಬೇಡಿ. ಗೂಗಲ್ ಲೆನ್ಸ್‌ನಲ್ಲಿ ಹುಡುಕಿ, ಅದೇ ಚಿತ್ರ ಮೊದಲೇ ಎಲ್ಲಾದರೂ ಬಂದಿದೆಯೇ ನೋಡಿ.
• ವಿಮೆ, ಪೊಲೀಸ್ ದೂರಿನಂಥ ಕೆಲಸಕ್ಕೆ ಫೋಟೋ ಬೇಕಿದ್ದರೆ ಮೂಲ ಫೈಲನ್ನು ಅಳಿಸಬೇಡಿ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ‘ಡಾಕ್ಯುಮೆಂಟ್’ ಆಗಿ ಕಳಿಸಿ, ಎಕ್ಸಿಫ್ ಉಳಿಯುತ್ತದೆ.
• ಹಾಗೆ ಕಳಿಸಿದಾಗ ನಿಮ್ಮ ಮನೆಯ ಲೊಕೇಶನ್ ಕೂಡ ಜೊತೆಗೆ ಹೋಗಬಹುದು. ಅಪರಿಚಿತರಿಗೆ ಕಳಿಸಬೇಡಿ.

ನೆನಪಿರಲಿ: ಎಕ್ಸಿಫ್ ಮಾಹಿತಿಯನ್ನೂ ತಿದ್ದಬಹುದು. ತಾರೀಖು ಒಂದು ಸುಳಿವು ಮಾತ್ರ, ಅದೊಂದೇ ಪುರಾವೆಯಲ್ಲ.