ನಿಮಗಿದು ಗೊತ್ತೆ? ವಿದ್ಯುತ್ ಏರಿದರೆ ಶಾಖ ಇಳಿಯುತ್ತೆ!

ಗ್ರಾಫೀನ್‌ನಲ್ಲಿ ವಿದ್ಯುತ್ ಹರಿಸುವ ಸಾಮರ್ಥ್ಯ ಏರಿದಂತೆ ಎಲೆಕ್ಟ್ರಾನ್‌ಗಳು ಶಾಖ ಹೊರುವ ಸಾಮರ್ಥ್ಯ ಇಳಿಯುತ್ತದೆ! ಈ ತಲೆಕೆಳಗಾದ ಲೆಕ್ಕವನ್ನು 2025ರಲ್ಲಿ ಅಳೆದು ತೋರಿಸಿದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅರಿಂದಮ್ ಘೋಷ್ ತಂಡ. ಜಪಾನಿನ ವಿಜ್ಞಾನಿಗಳೂ ಜೊತೆಗಿದ್ದರು. ತಾಮ್ರದಂಥ ಲೋಹಗಳಲ್ಲಿ ಎರಡೂ ಜೊತೆಜೊತೆಗೇ ಏರಬೇಕು ಎನ್ನುತ್ತದೆ ಒಂದು ಹಳೆಯ ನಿಯಮ. 1853ರ ಆ ನಿಯಮ ಇಲ್ಲಿ ಅತಿ ಶೀತದಲ್ಲಿ ತಪ್ಪಿದ್ದು ಅಷ್ಟಿಷ್ಟಲ್ಲ, 200 ಪಟ್ಟಿಗೂ ಹೆಚ್ಚು.

ಗ್ರಾಫೀನ್ ಎಂದರೆ ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ. ಸುಮಾರು 30 ಲಕ್ಷ ಹಾಳೆ ಪೇರಿಸಿದರೆ 1 ಮಿಲಿಮೀಟರ್! ನಿಯಮ ತಪ್ಪಿದ್ದು ಅದು ಲೋಹವೂ ಅಲ್ಲದ, ಅವಾಹಕವೂ ಅಲ್ಲದ ‘ಡಿರಾಕ್ ಬಿಂದು’ ಎಂಬ ಸ್ಥಿತಿಯ ಬಳಿ; ಅಲ್ಲಿ ಎಲೆಕ್ಟ್ರಾನ್‌ಗಳು ಬಿಡಿಬಿಡಿಯಾಗಿ ಓಡದೆ ದ್ರವದಂತೆ ಒಟ್ಟಾಗಿ ಹರಿಯುತ್ತವೆ. ಅಡಿಯಲ್ಲಿ ಆಧಾರವೇ ಇಲ್ಲದೆ ತೂಗುಬಿಟ್ಟ ಹಾಳೆಯಲ್ಲಂತೂ ಅವುಗಳ ವೇಗ ಸೆಕೆಂಡಿಗೆ ಸುಮಾರು 3,000 ಕಿಲೋಮೀಟರ್ ಮುಟ್ಟುವುದನ್ನು 2011ರಲ್ಲೇ ಮ್ಯಾಂಚೆಸ್ಟರ್‌ನಲ್ಲಿ ಅಳೆದಿದ್ದರು.