ಇಂಗ್ಲಿಷ್ ಕ್ರಿಯಾಪದದ ಬಾಲಗಳು

ನಾನು ಉಪಾಧ್ಯಾಯನಾಗಿ ಸೇರಿದ ಹೊಸದರಲ್ಲಿ ಹಳ್ಳಿಯ ಹುಡುಗನೊಬ್ಬ ಚೀಟಿಯೊಂದನ್ನು ತಂದು ನನ್ನ ಕೈಗಿತ್ತ. ಗುಮಾಸ್ತೆಯ ಕೆಲಸಕ್ಕೆ ಅವನಿಗೆ ಸಂದರ್ಶನವಿತ್ತು. ಕಚೇರಿಯ ಬಾಗಿಲಿಗೆ ಅಂಟಿಸಿದ್ದುದನ್ನು ಹಾಗೆಯೇ ಬರೆದುಕೊಂಡು ಬಂದಿದ್ದ: 'ಇಂಟರ್‌ವ್ಯೂ ಪುಟ್ ಆಫ್.' ಪುಟ್ ಎಂದರೆ ಇಡು, ಆಫ್ ಎಂದರೆ ಆಚೆ. ಆಚೆಗಿಟ್ಟರೆಂದ ಮೇಲೆ ರದ್ದಾಯಿತೆಂದೇ ಅರ್ಥ ಎಂದು ಹೇಳಿ ಕಳುಹಿಸಿದೆ. ಹುಡುಗ ಊರಿಗೆ ಹೊರಟುಹೋದ. ಎರಡು ವಾರಗಳ ಮೇಲೆ ಅದೇ ಬಾಗಿಲಿಗೆ ಹೊಸ ತಾರೀಖನ್ನು ಅಂಟಿಸಿದರು, ಸಂದರ್ಶನ ನಡೆಯಿತು, ಅವನಿರಲಿಲ್ಲ. 'ಪುಟ್ ಆಫ್' ಎಂದರೆ ಮುಂದೂಡು. ರದ್ದುಮಾಡುವುದಕ್ಕೆ 'ಕಾಲ್ ಆಫ್' ಎನ್ನುತ್ತಾರೆ. ವಿಷಯ ತಿಳಿದ ಮೇಲೆ ಅವನು ಹೇಳಿದ್ದು ಇಷ್ಟೆ: "ಹೋಗಲಿ ಬಿಡಿ, ಮೇಷ್ಟ್ರೇ."

ಅವನ ಆ ಮಾತನ್ನೇ ನೋಡಿ. ಅಲ್ಲಿ ಹೋಗುವವರೂ ಇಲ್ಲ, ಬಿಡುವ ವಸ್ತುವೂ ಇಲ್ಲ. ಎರಡು ಪದ ಕೂಡಿ ಮೂರನೆಯ ಅರ್ಥ ಹುಟ್ಟಿದೆ. 'ಈ ವರ್ಷ ಮಳೆ ಕೈಕೊಟ್ಟಿತು' ಎಂದರೆ ಮಳೆಗೆ ಕೈಯುಂಟೇ ಎಂದು ನಾವು ಯಾರೂ ಕೇಳುವುದಿಲ್ಲ. ಇಂಗ್ಲಿಷಿನವರು ಫ್ರೇಸಲ್ ವರ್ಬ್ ಎಂದು ಕರೆಯುವುದು ಇಂಥ ಜೋಡಿಗಳನ್ನೇ. ಒಂದು ಚಿಕ್ಕ ಕ್ರಿಯಾಪದ, ಅದರ ಹಿಂದೊಂದು ಬಾಲ.

ಸಂಸ್ಕೃತ ಬಲ್ಲವರಿಗೆ ಇದು ಅಪರಿಚಿತವಲ್ಲ. 'ಹೃ' ಎಂಬ ಒಂದೇ ಧಾತುವಿನಿಂದ ಆಹಾರ, ವಿಹಾರ, ಪ್ರಹಾರ, ಸಂಹಾರಗಳು ಆಗುತ್ತವೆ. ಆ ಉಪಸರ್ಗ ಮುಂದೆ ಬಂದು ಅರ್ಥವನ್ನು ಬದಲಿಸುತ್ತದೆ. ಇಂಗ್ಲಿಷಿನ ಬಾಲ ಹಿಂದೆ ಬಂದು ಅದನ್ನೇ ಮಾಡುತ್ತದೆ. ಅಂಗಿಯನ್ನು ತೊಡುವುದು 'ಪುಟ್ ಆನ್', ದೀಪ ಆರಿಸುವುದು 'ಪುಟ್ ಔಟ್', ಕಷ್ಟವನ್ನು ತಾಳಿಕೊಳ್ಳುವುದು 'ಪುಟ್ ಅಪ್ ವಿತ್'. ಹಾಗೆಯೇ 'ಲುಕ್ ಫಾರ್' ಎಂದರೆ ಹುಡುಕು, 'ಲುಕ್ ಇನ್‌ಟು' ಎಂದರೆ ವಿಚಾರಿಸು, 'ಲುಕ್ ಆಫ್ಟರ್' ಎಂದರೆ ನೋಡಿಕೊ. ಮಗುವನ್ನು ನೋಡುವುದು ಬೇರೆ, ಮಗುವನ್ನು ನೋಡಿಕೊಳ್ಳುವುದು ಬೇರೆ ಎಂಬುದನ್ನು ಕನ್ನಡ ತಾಯಂದಿರಿಗೆ ಹೇಳಿಕೊಡಬೇಕೆ?

ಇನ್ನು ಕರ್ಮಪದದ ಸ್ಥಾನ. 'ಪುಟ್ ಔಟ್ ದ ಲ್ಯಾಂಪ್' ಎಂದರೂ ಸರಿ, 'ಪುಟ್ ದ ಲ್ಯಾಂಪ್ ಔಟ್' ಎಂದರೂ ಸರಿ. ಆದರೆ ದೀಪವೆನ್ನುವ ಬದಲು ಅದನ್ನು ಎನ್ನುವಾಗ, ಸರ್ವನಾಮ ನಡುವೆಯೇ ಬರಬೇಕು: 'ಪುಟ್ ಇಟ್ ಔಟ್'. 'ಪುಟ್ ಔಟ್ ಇಟ್' ತಪ್ಪು. 'ಲುಕ್ ಆಫ್ಟರ್'ನಂಥವು ಮಾತ್ರ ಒಡೆಯದ ಜೋಡಿಗಳು. 'ಲುಕ್ ಆಫ್ಟರ್ ಹಿಮ್' ಎಂದೇ ಹೇಳಬೇಕು.

ಮುಂದೂಡುವುದಕ್ಕೆ 'ಪೋಸ್ಟ್‌ಪೋನ್' ಎಂಬ ಲ್ಯಾಟಿನ್ ಮೂಲದ ಪದವಿರುವಾಗ ಈ ತೊಡಕೇಕೆ ಎನ್ನಬಹುದು. ದೀಪವನ್ನು ನಂದಿಸು ಎಂದು ಗ್ರಂಥದಲ್ಲಿ ಬರೆಯುತ್ತೇವೆ; ಮನೆಯಲ್ಲಿ ಆರಿಸು ಎನ್ನುತ್ತೇವೆ. ಪಠ್ಯಪುಸ್ತಕದ ಇಂಗ್ಲಿಷ್ ಮಾತ್ರ ಬಲ್ಲವನು ಅವರ ಗ್ರಂಥವನ್ನು ಓದಬಲ್ಲ. ಅವರ ಅಡುಗೆಮನೆಯ ಮಾತು, ಕಚೇರಿಯ ಬಾಗಿಲಿನ ಚೀಟಿ ಅವನಿಗೆ ಒಗಟಾಗುತ್ತವೆ. 1755ರಲ್ಲಿ ಸ್ಯಾಮ್ಯುಯೆಲ್ ಜಾನ್‌ಸನ್ ತನ್ನ ಹೆಸರಾಂತ ನಿಘಂಟಿನ ಮುನ್ನುಡಿಯಲ್ಲಿಯೇ, ಪರದೇಶೀಯರಿಗೆ ಅತ್ಯಂತ ಕಷ್ಟವಾಗುವುದು ಈ ಜೋಡಿಗಳೇ ಎಂಬುದನ್ನು ಒಪ್ಪಿಕೊಂಡಿದ್ದಾನೆ. ಆದ್ದರಿಂದ ನಾವು ನಾಚಬೇಕಾದುದಿಲ್ಲ.

ಕಲಿಯುವ ಬಗೆ ಹೇಗೆ? ಪಟ್ಟಿಯನ್ನು ಉರುಹೊಡೆಯಬೇಡಿ. ನಿಮ್ಮ ದಿನಚರಿಯನ್ನೇ ವಾಕ್ಯ ಮಾಡಿ. 'ಐ ವೋಕ್ ಅಪ್ ಅಟ್ ಫೈವ್, ಬಟ್ ಗಾಟ್ ಅಪ್ ಅಟ್ ಸಿಕ್ಸ್.' ಐದಕ್ಕೆ ಎಚ್ಚರವಾಯಿತು, ಎದ್ದದ್ದು ಆರಕ್ಕೆ. ಈ ಅನುಭವವಿಲ್ಲದ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ. ಒಮ್ಮೆ ಹೇಳಿದರೆ ಎರಡರ ಭೇದ ಮರೆಯುವುದಿಲ್ಲ. ನಿಘಂಟನ್ನು ನೋಡುವಾಗ 'ಪುಟ್' ಎಂಬಲ್ಲಿಗೆ ನಿಲ್ಲದೆ, ಅದರ ಕೆಳಗೆ ಕೊಟ್ಟಿರುವ ಜೋಡಿಯವರೆಗೆ ಬೆರಳೋಡಿಸಿ.

ಬಿಡಿ ಪದಗಳ ಅರ್ಥ ಗೊತ್ತು ಎಂಬ ಧೈರ್ಯದಿಂದ ಇನ್ನೊಬ್ಬರ ಚೀಟಿಗೆ ಅರ್ಥ ಹೇಳಬೇಡಿ. ನಿಘಂಟು ಅಂದು ನನ್ನ ಮೇಜಿನ ಮೇಲೆಯೇ ಇತ್ತು.