ಪೂರಕ ವಸತಿ ಘಟಕ

ಪೂರಕ ವಸತಿ ಘಟಕ ಎಂಬುದು ಈಗಾಗಲೇ ಮನೆಯಿರುವ ನಿವೇಶನದಲ್ಲಿಯೇ ನಿರ್ಮಿಸಲಾಗುವ, ತನ್ನದೇ ಆದ ಅಡುಗೆಮನೆ, ಸ್ನಾನಗೃಹ ಮತ್ತು ಪ್ರತ್ಯೇಕ ಬಾಗಿಲುಳ್ಳ ಚಿಕ್ಕ ಮನೆ. ಈ ಹೆಸರು ಅಮೆರಿಕ ಸಂಯುಕ್ತ ಸಂಸ್ಥಾನದ ನಗರಯೋಜನಾ ಕಾನೂನುಗಳಿಂದ ಬಂದುದಾಗಿದ್ದು, ಆಡುಮಾತಿನಲ್ಲಿ ಅಲ್ಲಿಯವರು ಇದನ್ನು 'ಗ್ರ್ಯಾನಿ ಫ್ಲ್ಯಾಟ್', ಅಂದರೆ ಅಜ್ಜಿಯ ಮನೆ, ಎನ್ನುತ್ತಾರೆ. ಬೆಂಗಳೂರು, ಮೈಸೂರುಗಳ ಹಳೆಯ ಬಡಾವಣೆಗಳಲ್ಲಿ ಮನೆಯ ಹಿಂಬದಿಯ ಔಟ್‌ಹೌಸನ್ನು ಕಂಡವರಿಗೆ ಇದರ ಸ್ವರೂಪ ಹೊಸದಲ್ಲ. ಆದರೆ ಇಷ್ಟು ಸಣ್ಣ ಮನೆಗಾಗಿ ಕ್ಯಾಲಿಫೋರ್ನಿಯಾ ರಾಜ್ಯದ ಶಾಸನಸಭೆ ನಾಲ್ಕು ದಶಕಗಳ ಕಾಲ ಮತ್ತೆ ಮತ್ತೆ ಕಾನೂನು ರಚಿಸಬೇಕಾಯಿತು.

ಹಿನ್ನೆಲೆ

ಒಂದು ನಿವೇಶನಕ್ಕೆ ಒಂದೇ ಕುಟುಂಬದ ಮನೆ ಎಂಬ ವಲಯ ನಿಯಮವನ್ನು ಕ್ಯಾಲಿಫೋರ್ನಿಯಾದ ಬರ್ಕ್ಲಿ ನಗರವು 1916ರಲ್ಲಿಯೇ ತಂದಿತು. 1926ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ನಗರಗಳ ಇಂತಹ ವಲಯ ವಿಂಗಡಣೆಯನ್ನು ಎತ್ತಿಹಿಡಿದ ಮೇಲೆ ಅದು ದೇಶದಾದ್ಯಂತ ಹರಡಿತು. ಹಿತ್ತಲಿನಲ್ಲಿ ಜಾಗವಿದ್ದರೂ ಎರಡನೆಯ ಅಡುಗೆಮನೆ ಕಟ್ಟುವಂತಿರಲಿಲ್ಲ. ಮನೆಗಳ ಕೊರತೆ ಹೆಚ್ಚಿದಂತೆ ಜನರು ಗ್ಯಾರೇಜುಗಳನ್ನು ಗುಟ್ಟಾಗಿ ಬಾಡಿಗೆಗೆ ಕೊಡತೊಡಗಿದರು. ಅಲ್ಲಿದ್ದ ಬಾಡಿಗೆದಾರರು ಕೆಟ್ಟ ವಿದ್ಯುತ್ ತಂತಿಯ ಬಗ್ಗೆ ದೂರು ಕೊಡಲೂ ಹೆದರಬೇಕಾಗಿತ್ತು. ದೂರು ಕೊಟ್ಟರೆ ಮೊದಲು ಹೋಗುವುದು ಅವರ ಸೂರೇ.

ಕಾನೂನಿನ ಬೆಳವಣಿಗೆ

1982ರ ರಾಜ್ಯ ಕಾನೂನು ಎರಡನೆಯ ಮನೆಗೆ ಅವಕಾಶ ನೀಡಿತಾದರೂ ತೀರ್ಮಾನ ನಗರಾಡಳಿತಗಳ ಕೈಯಲ್ಲಿಯೇ ಉಳಿಯಿತು. ಅವು ನೇರವಾಗಿ ನಿಷೇಧಿಸದೆ, ವಾಹನ ನಿಲುಗಡೆಗೆ ಹೆಚ್ಚುವರಿ ಜಾಗ, ವಿಶಾಲ ನಿವೇಶನ, ದುಬಾರಿ ಶುಲ್ಕ, ನೆರೆಹೊರೆಯವರ ಸಾರ್ವಜನಿಕ ವಿಚಾರಣೆ ಎಂಬ ಷರತ್ತುಗಳನ್ನು ಹೂಡಿದವು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಗೆ ಇದು ಒಳ್ಳೆಯ ನಿದರ್ಶನ. 2002ರ ತಿದ್ದುಪಡಿ ವಿಚಾರಣೆಯನ್ನು ತೆಗೆದುಹಾಕಿತು. ಉಳಿದ ತಡೆಗಳು ಸಡಿಲಗೊಂಡದ್ದು 2017 ಮತ್ತು 2020ರ ಜನವರಿಯಿಂದ ಜಾರಿಗೆ ಬಂದ ಕಾನೂನುಗಳಿಂದ.

ಇವುಗಳ ತಿರುಳು ಇಷ್ಟೇ: ಅರ್ಜಿಯು ಲಿಖಿತ ನಿಯಮಗಳಿಗೆ ಹೊಂದಿದರೆ ಅಧಿಕಾರಿ ಅನುಮತಿ ನೀಡಲೇಬೇಕು, ಇಷ್ಟಾನಿಷ್ಟಗಳಿಗೆ ಎಡೆಯಿಲ್ಲ. ಮನೆಯಿರುವ ನಿವೇಶನದಲ್ಲಿ ಘಟಕ ಕಟ್ಟಲು ಸಲ್ಲಿಸಿದ ಪೂರ್ಣ ಅರ್ಜಿಯನ್ನು 60 ದಿನಗಳೊಳಗೆ ಇತ್ಯರ್ಥಪಡಿಸದಿದ್ದರೆ ಅನುಮತಿ ದೊರೆತಂತೆಯೇ ಎಂದು 2020ರ ಕಾನೂನು ವಿಧಿಸಿತು. ಪಕ್ಕದ ಹಾಗೂ ಹಿಂಬದಿಯ ಗಡಿಯಿಂದ 4 ಅಡಿ ಬಿಟ್ಟು, 16 ಅಡಿ ಎತ್ತರದ, 800 ಚದರ ಅಡಿಯ ಪ್ರತ್ಯೇಕ ಘಟಕವನ್ನು ನಗರಗಳು ತಡೆಯುವಂತಿಲ್ಲ. ಗ್ಯಾರೇಜನ್ನು ಮನೆಯಾಗಿ ಪರಿವರ್ತಿಸಿದಾಗ ಬದಲಿ ನಿಲುಗಡೆ ಜಾಗ ಕೇಳುವಂತಿಲ್ಲ. 750 ಚದರ ಅಡಿಗಿಂತ ಚಿಕ್ಕ ಘಟಕಕ್ಕೆ ಊರಿನ ಉದ್ಯಾನ, ರಸ್ತೆ ಮೊದಲಾದವುಗಳ ಅಭಿವೃದ್ಧಿ ಶುಲ್ಕವಿಲ್ಲ. ಮುಖ್ಯ ಮನೆಯೊಳಗೇ ಮಾಡುವ 500 ಚದರ ಅಡಿವರೆಗಿನ 'ಕಿರಿಯ' ಘಟಕಕ್ಕೆ ಬೇರೆ ನಿಯಮಗಳಿವೆ.

ನಿರ್ಮಾಣ ಮತ್ತು ವೆಚ್ಚ

ಅನುಮತಿ ಸುಲಭವಾದರೂ ಕಟ್ಟುವುದು ಅಗ್ಗವಲ್ಲ. ಮನೆ ಚಿಕ್ಕದಾದ ಮಾತ್ರಕ್ಕೆ ಖರ್ಚು ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಹೆಚ್ಚು ಹಣ ಬೇಡುವ ಅಡುಗೆಮನೆ ಮತ್ತು ಸ್ನಾನಗೃಹ ಸಣ್ಣ ಮನೆಗೂ ಬೇಕು. ಒಳಚರಂಡಿ ಕೊಳವೆ ಬೀದಿಯ ಚರಂಡಿಯವರೆಗೆ ಇಳಿಜಾರಾಗಿ ಸಾಗಬೇಕು. ಹಳೆಯ ಮನೆಯ ವಿದ್ಯುತ್ ಫಲಕ ಎರಡು ಮನೆಗಳ ಹೊರೆ ತಾಳದಿದ್ದರೆ ಅದನ್ನೂ ಬದಲಿಸಬೇಕು. ಗ್ಯಾರೇಜಿನ ಪರಿವರ್ತನೆ ಅಗ್ಗವೆಂದು ತೋರಿದರೂ ಅದರ ತಳಪಾಯ, ತೇವ ತಡೆ, ಉಷ್ಣ ನಿರೋಧಕ ಪದರಗಳು ವಾಸಕ್ಕೆ ತಕ್ಕಂತಿರುವುದಿಲ್ಲ. ತಳಪಾಯ, ತಂತಿ, ಕೊಳವೆಗಳ ಕೆಲಸವನ್ನು ಮುಚ್ಚುವ ಮೊದಲು ನಗರದ ಪರಿವೀಕ್ಷಕರು ಹಂತಹಂತವಾಗಿ ನೋಡಿ ಒಪ್ಪಬೇಕು. ಆಸ್ತಿ ತೆರಿಗೆಯ ವಿಷಯದಲ್ಲಿ ಒಂದು ಸಮಾಧಾನವಿದೆ: 1978ರ 'ಪ್ರಸ್ತಾವ 13'ರ ಅನ್ವಯ ಹೊಸ ಕಟ್ಟಡದ ಮೌಲ್ಯವಷ್ಟೇ ಸೇರುತ್ತದೆ, ಹಳೆಯ ಮನೆಯ ಮರುಮೌಲ್ಯಮಾಪನ ನಡೆಯುವುದಿಲ್ಲ.

ಬಳಕೆ ಮತ್ತು ಟೀಕೆ

ವೃದ್ಧ ತಂದೆತಾಯಿಯರು ಮಕ್ಕಳ ಕರೆಗೆ ಓಗೊಡುವಷ್ಟು ಹತ್ತಿರದಲ್ಲಿ, ಆದರೆ ತಮ್ಮದೇ ಬಾಗಿಲಿನ ಹಿಂದೆ ಇರಬಹುದು ಎಂಬುದು ಈ ಘಟಕಗಳ ಮುಖ್ಯ ಆಕರ್ಷಣೆ. ಕೆಲವರು ತಾವೇ ಹಿತ್ತಲ ಮನೆಗೆ ಹೋಗಿ ದೊಡ್ಡ ಮನೆಯನ್ನು ಮಕ್ಕಳಿಗೆ ಬಿಡುವುದುಂಟು. ಬಾಡಿಗೆಗೆ ಕೊಡುವವರೂ ಬಹಳ. ನೆರಳು, ಮರಗಳ ನಾಶ, ಬೀದಿಯಲ್ಲಿ ವಾಹನಗಳ ದಟ್ಟಣೆ ನೆರೆಯವರ ಆಕ್ಷೇಪಗಳು. ಅದಕ್ಕಿಂತ ಗಂಭೀರವಾದದ್ದು ಬೇರೊಂದು ಟೀಕೆ: ನಿವೇಶನ ಮತ್ತು ಸಾಲದ ಬಲ ಇದ್ದವರಿಗಷ್ಟೇ ಈ ಅವಕಾಶ ದಕ್ಕುತ್ತದೆ, ಬಾಡಿಗೆದಾರ ಬಾಡಿಗೆದಾರನಾಗಿಯೇ ಉಳಿಯುತ್ತಾನೆ. 2023ರಲ್ಲಿ ಅಂಗೀಕೃತವಾದ ಕಾನೂನೊಂದು ಇಂತಹ ಘಟಕವನ್ನು ಮುಖ್ಯ ಮನೆಯಿಂದ ಬೇರ್ಪಡಿಸಿ ಮಾರಲು ಅವಕಾಶ ಕೊಟ್ಟಿತು. ಆದರೆ ಅದನ್ನು ಅಳವಡಿಸಿಕೊಳ್ಳುವುದು ಆಯಾ ನಗರದ ಇಚ್ಛೆಗೆ ಬಿಟ್ಟದ್ದು.